ಅಟ್ಟದ ಜಾಣ್ಮೆಗೆ ಪೇಟೆಂಟ್ ಹಾದಿ

ತಿಪಟೂರಿನ ಮಾರುಕಟ್ಟೆಗೆ ಬರುವ ಉಂಡೆ ಕೊಬ್ಬರಿ ಅದಕ್ಕೂ ಮೊದಲು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿರುತ್ತದೆ. ಆಮೇಲೆ ಸಿಪ್ಪೆ ಸುಲಿದು, ಕರಟ ಒಡೆದು, ಗಿಟುಕು ಚೂರಾಗದಂತೆ ಬಿಡಿಸಬೇಕು. ಚೂರಾದರೆ ದರ ಬಿತ್ತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಈ ನಾಜೂಕಿನ ಕೆಲಸಕ್ಕೆ ಕೂರುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಎಂಥ ಏಟಿಗೆ ಕರಟ ಸೀಳುತ್ತದೆ, ಕತ್ತಿಯನ್ನು ಎಷ್ಟು ಓರೆ ಹಿಡಿಯಬೇಕು ಎಂಬುದು ಅವರ ಕೈಗೆ ಗೊತ್ತು. ಕೊಬ್ಬರಿ ಯಂತ್ರ ಮಾಡಹೊರಟವರು ಮೊದಲು ಕೇಳಬೇಕಾದದ್ದು ಇವರನ್ನೇ.

ಆದರೆ ಆವಿಷ್ಕಾರಕರ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು ಕಡಿಮೆ. ಜಗತ್ತಿನ ಲೆಕ್ಕ ನೋಡಿ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಪ್ರಕಾರ, 2023ರ ಅಂತರರಾಷ್ಟ್ರೀಯ ಪೇಟೆಂಟ್ ಅರ್ಜಿಗಳಲ್ಲಿ ಹೆಸರಿಸಲಾದ ಆವಿಷ್ಕಾರಕರಲ್ಲಿ ಮಹಿಳೆಯರು ಶೇ 18ರಷ್ಟು ಮಾತ್ರ. ಈ ಅಂತರ ಹಳೆಯದು. ಅಮೆರಿಕದ ಸಿಬಿಲ್ಲಾ ಮಾಸ್ಟರ್ಸ್ ಮೆಕ್ಕೆಜೋಳ ಹಸನು ಮಾಡುವ ಯಂತ್ರ ರೂಪಿಸಿದರು. 1715ರಲ್ಲಿ ಇಂಗ್ಲೆಂಡಿನ ದೊರೆ ಪೇಟೆಂಟ್ ಕೊಟ್ಟದ್ದು ಗಂಡ ಥಾಮಸ್ ಹೆಸರಿಗೆ. ಆದರೂ ಕಂಡುಹಿಡಿದವರು ಸಿಬಿಲ್ಲಾ ಎಂದು ಅದೇ ಪತ್ರದಲ್ಲಿ ನಮೂದಾಯಿತು. ಆ ನಮೂದಿನಿಂದಲೇ ಇಂದಿಗೂ ಅವರ ಹೆಸರು ಉಳಿದಿದೆ.

ನಮ್ಮ 1970ರ ಪೇಟೆಂಟ್ ಕಾಯ್ದೆಯಡಿ ಪರಂಪರೆಯ ತಿಳಿವಳಿಕೆಗೂ ಬೇಸಾಯದ ವಿಧಾನಕ್ಕೂ ಪೇಟೆಂಟ್ ಇಲ್ಲ. ಅಟ್ಟದಲ್ಲಿ ಒಣಗಿಸುವ ಪದ್ಧತಿ ಯಾರೊಬ್ಬರ ಸೊತ್ತೂ ಆಗದು. ಗಿಟುಕು ಒಡೆಯದೆ ಕರಟ ಬಿಡಿಸುವ ಹೊಸ ಸಾಧನಕ್ಕೆ ಮಾತ್ರ ದಾರಿಯಿದೆ. 2019ರ ಸೆಪ್ಟೆಂಬರ್‌ನಿಂದ, ಅರ್ಜಿದಾರರೆಲ್ಲ ವ್ಯಕ್ತಿಗಳೇ ಆಗಿದ್ದು ಅವರಲ್ಲಿ ಒಬ್ಬ ಮಹಿಳೆಯಿದ್ದರೂ ತ್ವರಿತ ಪರಿಶೀಲನೆ ಕೋರಬಹುದು. ವ್ಯಕ್ತಿಯೊಬ್ಬರು ಆನ್‌ಲೈನ್‌ನಲ್ಲಿ ಅರ್ಜಿ ಹಾಕಲು ಶುಲ್ಕ 1,600 ರೂಪಾಯಿ. ಪರಿಶೀಲನೆಯ ಶುಲ್ಕ ಬೇರೆ; ಅರ್ಜಿಯನ್ನು ಕಾನೂನಿನ ಭಾಷೆಯಲ್ಲಿ ಬರೆಸುವ ಖರ್ಚು ಇವೆರಡಕ್ಕಿಂತ ಭಾರ. ಇನ್ನೊಂದು ಎಚ್ಚರ: ಅರ್ಜಿಗೆ ಮುಂಚೆ ಸಾಧನವನ್ನು ಮೇಳದಲ್ಲಿ ತೋರಿಸಿದರೆ ಹೊಸತನದ ಹಕ್ಕೇ ಕೈತಪ್ಪಬಹುದು.

ಶುಲ್ಕ ಇಳಿಸಿದ ಮಾತ್ರಕ್ಕೆ ಹೆಣ್ಣು-ಗಂಡಿನ ಈ ಅಂತರ ಇಳಿಯದು. ಉಪಾಯ ಯಾರದೆಂದು ಕೇಳಿ ಬರೆದುಕೊಳ್ಳುವವರು ಊರಲ್ಲೇ ಬೇಕು. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಪಟ್ಟಣದಲ್ಲಿ ಕಲ್ಪತರು ಎಂಜಿನಿಯರಿಂಗ್ ಕಾಲೇಜಿದೆ. ಬೆಂಗಳೂರಿನ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವಿದೆ. ಹಳ್ಳಿಗರ ಆವಿಷ್ಕಾರಗಳಿಗೆ ನೆರವಾಗಲೆಂದೇ 2000ದಲ್ಲಿ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಹುಟ್ಟಿತು. ಇವರೆಲ್ಲ ಕೊಬ್ಬರಿ ಕೆಲಸದವರ ಜೊತೆ ಕೂರಲಿ. ವಿದ್ಯಾರ್ಥಿಗಳು ಯಂತ್ರ ಮಾಡುವಾಗ, ಯಾವ ತಿದ್ದುಪಡಿ ಯಾರು ಸೂಚಿಸಿದರೆಂದು ದಿನಾಂಕ ಸಮೇತ ದಾಖಲಿಸಲಿ. ಹೊಳಹು ಒಬ್ಬ ಹೆಣ್ಣುಮಗಳದ್ದಾಗಿದ್ದರೆ ಆವಿಷ್ಕಾರಕರ ಸಾಲಿನಲ್ಲಿ ಅವಳ ಹೆಸರು ಬರಲಿ. ಅರ್ಜಿದಾರಳೂ ಆದರೆ ಪೇಟೆಂಟ್‌ನಲ್ಲೇ ಪಾಲು ಸಿಗುತ್ತದೆ. ಇದು ದಯೆಯಲ್ಲ, ಅವಳಿಗೆ ಸಲ್ಲಬೇಕಾದ ಬಾಕಿ.