ನ್ಯಾಕ್ಸೋಸ್ ದ್ವೀಪದಲ್ಲಿ ಒಂಟಿ ಕಂಠ

ಕ್ರೀಟ್‌ನ ರಾಜಕುಮಾರಿ ಅರಿಯಾಡ್ನೆ ಕೊಟ್ಟ ನೂಲುಂಡೆಯ ಬಲದಿಂದ ಥೀಸಿಯಸ್ ದಾರಿತಪ್ಪಿಸುವ ಕಟ್ಟಡವನ್ನು ಹೊಕ್ಕು, ಗೂಳಿತಲೆಯ ಮಿನೊಟಾರ್‌ನನ್ನು ಕೊಂದು ಜೀವಸಹಿತ ಹೊರಬಂದ. ಅವನನ್ನು ನಂಬಿ ತವರು ತೊರೆದು ಬಂದವಳನ್ನು ನ್ಯಾಕ್ಸೋಸ್ ದ್ವೀಪದಲ್ಲಿ ನಿದ್ದೆಯಲ್ಲಿದ್ದಾಗಲೇ ಬಿಟ್ಟುಹೋದ. ಈ ಗ್ರೀಕ್ ಪುರಾಣಕಥೆ ಯುರೋಪಿನ ಸಂಗೀತಕಾರರನ್ನು ಶತಮಾನಗಳ ಕಾಲ ಕಾಡಿದೆ. 1608ರಲ್ಲಿ ಮಾಂಟೆವೆರ್ಡಿ ಇದನ್ನು ಒಪೆರಾ ಮಾಡಿದ. ಆ ಒಪೆರಾದ ಸಂಗೀತದಲ್ಲಿ ಇಂದು ಉಳಿದಿರುವುದು ಅರಿಯಾಡ್ನೆಯ ಪ್ರಲಾಪವೊಂದೇ. ಅದನ್ನೇ ಆತ ಐದು ಕಂಠಗಳಿಗೆ ಅಳವಡಿಸಿ 1614ರಲ್ಲಿ ಪ್ರಕಟಿಸಿದ.

ಸುಮಾರು 1789ರಲ್ಲಿ ಜೋಸೆಫ್ ಹೇಡನ್ ಇದೇ ಕಥೆಯನ್ನು 'ಅರಿಯಾನ್ನಾ ಆ ನಾಕ್ಸೋಸ್' ಎಂಬ ಕ್ಯಾಂಟಾಟಾಕ್ಕೆ ಎತ್ತಿಕೊಂಡಾಗ ಇಟ್ಟುಕೊಂಡದ್ದು ಒಂದು ಕಂಠ, ಒಂದು ಕೀಬೋರ್ಡ್ ವಾದ್ಯ, ಅಷ್ಟೇ. ಚಿಕ್ಕ ಕೋಣೆಯಲ್ಲಿ ಕೆಲವೇ ಜನರ ಮುಂದೆ ಹಾಡಬಹುದಾದ ಚೇಂಬರ್ ಸಂಗೀತ ಇದು. ರಂಗಸಜ್ಜಿಕೆಯಿಲ್ಲ, ವಾದ್ಯಮೇಳವಿಲ್ಲ, ಥೀಸಿಯಸ್‌ಗೆ ಒಂದು ಸ್ವರವೂ ಇಲ್ಲ. ಕಡಲು, ಬಂಡೆ, ಬೆಳಗು ಎಲ್ಲವನ್ನೂ ಕೀಬೋರ್ಡೇ ಕಟ್ಟಿಕೊಡಬೇಕು.

ಹೇಡನ್ ಕೃತಿಯನ್ನು ನಾಲ್ಕು ಭಾಗ ಮಾಡಿದ್ದಾನೆ. ಮಾತಿನ ಲಯಕ್ಕೆ ಹತ್ತಿರವಾದ ರೆಸಿಟೆಟಿವ್ ಎರಡು, ಭಾವ ತುಂಬಿ ಹರಿಯುವ ಆರಿಯಾ ಎರಡು, ಒಂದಾದ ಮೇಲೊಂದು. ನಿಧಾನಗತಿಯ ಕೀಬೋರ್ಡ್ ಪೀಠಿಕೆಯ ನಂತರ ಅರಿಯಾಡ್ನೆ ಎಚ್ಚರಗೊಳ್ಳುತ್ತಾಳೆ. ಗಂಡ ಬೇಟೆಗೆ ಹೋಗಿರಬಹುದೆಂದು ಊಹಿಸುತ್ತಾಳೆ. ಮೊದಲ ಆರಿಯಾದಲ್ಲಿ ಇರುವುದು ಅವನಿಗಾಗಿ ಹಂಬಲ, ಇನ್ನೂ ಅನುಮಾನವಲ್ಲ.

ನನಗೆ ಅತಿ ಪ್ರಿಯವಾದದ್ದು ಎರಡನೆಯ ರೆಸಿಟೆಟಿವ್. ಕರೆದ ಕೂಗಿಗೆ ಪ್ರತಿಧ್ವನಿ ಬಿಟ್ಟು ಬೇರೆ ಉತ್ತರವಿಲ್ಲ. ಅವಳು ಎತ್ತರದ ಬಂಡೆ ಹತ್ತುವಾಗ ಹೆಜ್ಜೆಗಳನ್ನು ನುಡಿಸುವುದು ಕೀಬೋರ್ಡು. ಮೇಲಿನಿಂದ ಗ್ರೀಕರ ಹಡಗು ಕಾಣುತ್ತದೆ. ಅದರ ಮುಂತುದಿಯಲ್ಲಿ ನಿಂತವನು ಅವನೇ. ಇಲ್ಲಿ ಹೇಡನ್ ಉದ್ದವಾದ ರಾಗವಿನ್ಯಾಸಕ್ಕೆ ಹೋಗುವುದಿಲ್ಲ. ತುಂಡು ಮಾತು, ಅದಕ್ಕೆ ವಾದ್ಯದ ಉತ್ತರ, ಮತ್ತೆ ತುಂಡು ಮಾತು. ಆಘಾತಗೊಂಡ ಮನಸ್ಸಿಗೆ ಪೂರ್ಣ ವಾಕ್ಯ ಹೊಳೆಯದು ಎಂಬ ಲೋಕಾನುಭವವೇ ಇಲ್ಲಿ ಸಂಗೀತದ ರಚನೆಯಾಗಿದೆ.

ಕೊನೆಯ ಆರಿಯಾ ಎಫ್ ಮೇಜರ್‌ನಲ್ಲಿ ಸಾವನ್ನು ಬಯಸುತ್ತಾ ಮೆಲ್ಲಗೆ ಶುರುವಾಗುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಎಫ್ ಮೈನರ್‌ಗೆ, ಅತಿವೇಗದ ಪ್ರೆಸ್ಟೊಗೆ ಹೊರಳುತ್ತದೆ. ಅಳು ಆಕ್ರೋಶವಾಗುತ್ತದೆ. ಮೂಲ ಪುರಾಣದಲ್ಲಿ ಡಯೊನೈಸಸ್ ದೇವರು ಬಂದು ಅವಳನ್ನು ವರಿಸುತ್ತಾನೆ. ಈ ಕ್ಯಾಂಟಾಟಾ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಪುರಾಣವನ್ನು ಸಂಗೀತವಾಗಿಸುವವರು ಕಲಿಯಬೇಕಾದ ದೊಡ್ಡ ಪಾಠ ಇದು: ಕಥೆಯನ್ನೆಲ್ಲ ಹೇಳಬೇಕಿಲ್ಲ, ಒಂದು ಬೆಳಗಿನ ಒಂದು ಮನಸ್ಸನ್ನು ಪೂರ್ತಿ ಹೇಳಿದರೆ ಸಾಕು.

1791ರಲ್ಲಿ ಲಂಡನ್ನಿನಲ್ಲಿ ಪ್ರಸಿದ್ಧ ಗಾಯಕ ಪಾಕಿಯರೊಟ್ಟಿ ಇದನ್ನು ಹಾಡಿದಾಗ ಕೀಬೋರ್ಡಿಗೆ ಕೂತವನು ಸ್ವತಃ ಹೇಡನ್. ಇಂದು ಮೆಜೊ ಸೊಪ್ರಾನೊ ಗಾಯಕಿಯರು ಇದನ್ನು ಹೆಚ್ಚಾಗಿ ಹಾಡುತ್ತಾರೆ. ಇಪ್ಪತ್ತು ನಿಮಿಷದೊಳಗೆ ಮುಗಿಯುವ ಕೃತಿ. ಸಾಹಿತ್ಯದ ಅರ್ಥವನ್ನು ಮೊದಲು ಓದಿಕೊಂಡು, ಕಂಠಕ್ಕೆ ಕೊಟ್ಟಷ್ಟೇ ಕಿವಿಯನ್ನು ಕೀಬೋರ್ಡಿಗೂ ಕೊಟ್ಟು ಒಮ್ಮೆ ಕೇಳಿ.