ನೆನಪಿನ ಊರಿಗೆ ಹಾದಿ ಯಾವುದು?

ಸೊಲ್ಲಾಪುರದ ಕಡೆಯಿಂದ ವಿಜಯಪುರಕ್ಕೆ ಹೊರಟ ರೈಲು ಭೀಮಾ ನದಿಯನ್ನು ದಾಟಿ ಎರೆಯ ಬಯಲನ್ನು ಹೊಕ್ಕ ಮೇಲೆ ಲಚ್ಯಾಣವೆಂಬ ಸಣ್ಣ ನಿಲ್ದಾಣವೊಂದು ಬರುತ್ತದೆ. ಇಂಡಿ ತಾಲ್ಲೂಕಿನ ಈ ಊರು ಸುತ್ತಲ ಸೀಮೆಯವರಿಗೆಲ್ಲ ಸಿದ್ಧಲಿಂಗ ಮಹಾರಾಜರ ಮಠದಿಂದಾಗಿ ಪರಿಚಿತವಾದುದು. ಒಂದು ಬೆಳಗ್ಗೆ ಈ ನಿಲ್ದಾಣದಲ್ಲಿ ಹಿರಿಯರೊಬ್ಬರು ಇಳಿಯುತ್ತಾರೆಂದು ಭಾವಿಸೋಣ. 1972ರ ಬರಗಾಲದಲ್ಲಿ, ಹತ್ತು ವರ್ಷದ ಬಾಲಕನಾಗಿದ್ದಾಗ, ತಂದೆತಾಯಿಯರೊಡನೆ ಮುಂಬಯಿಗೆ ಹೋದವರು ಅವರು. ಈಗ ವಯಸ್ಸು ಅರವತ್ತನ್ನು ದಾಟಿದೆ. ಸಾಯುವುದರೊಳಗೆ ಊರನ್ನೊಮ್ಮೆ ನೋಡಬೇಕೆಂಬ ಹಂಬಲದಿಂದ ಬಂದಿದ್ದಾರೆ.

ಅವರು ಊರು ಬಿಟ್ಟಾಗ ಈ ಹಾದಿಯಲ್ಲಿ ಇದ್ದುದು ಮೀಟರ್ ಗೇಜ್ ರೈಲು. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಹಾಕಿದ ಆ ಹಳಿಗಳು ಈ ಶತಮಾನದ ಮೊದಲ ದಶಕದಲ್ಲಿ ಬ್ರಾಡ್ ಗೇಜ್ ಆದುವು. ಕಲ್ಲಿದ್ದಲ ಹೊಗೆ ಇಲ್ಲ. ಬಿಜಾಪುರ ಎಂದಿದ್ದ ಜಿಲ್ಲೆಯ ಹೆಸರು ಕೂಡ 2014ರಲ್ಲಿ ವಿಜಯಪುರವಾಗಿದೆ. ಊರೊಳಗೆ ಹೋದರೆ ಮಣ್ಣಿನ ಮಾಳಿಗೆಯ ಮನೆಗಳಿದ್ದಲ್ಲಿ ಸಿಮೆಂಟಿನ ಮನೆಗಳು. ಜೋಳ ತುಂಬಿಡುತ್ತಿದ್ದ ಹಗೇವು ಮುಚ್ಚಿಹೋಗಿದೆ. ಇವೆಲ್ಲ ಅವರು ನಿರೀಕ್ಷಿಸಿದ್ದೇ. ಆದರೆ ಬದಲಾಗದೆ ಉಳಿದ ವಸ್ತುಗಳೇ ಅವರನ್ನು ಹೆಚ್ಚು ಕಂಗೆಡಿಸುತ್ತವೆ. ಅದೇ ಅಗಸಿ, ಆದರೆ ಅಷ್ಟು ಎತ್ತರವಿಲ್ಲ. ಅದೇ ಓಣಿ, ಆದರೆ ಅಷ್ಟು ಅಗಲವಿಲ್ಲ. "ಇದು ನಮ್ಮ ಊರಲ್ಲ" ಎಂದು ಅವರು ಗೊಣಗುತ್ತಾರೆ. ಜೊತೆಯಲ್ಲಿದ್ದ ಅಣ್ಣನ ಮಗ ನಕ್ಕು, "ಊರು ಇದ್ದಲ್ಲೇ ಐತ್ರೀ ಕಾಕಾ" ಎನ್ನುತ್ತಾನೆ.

ಇವರಿಬ್ಬರಲ್ಲಿ ಯಾರ ಮಾತು ಸರಿ? ಇದು ಕವಿಗಳಿಗೆ ಬಿಡಬೇಕಾದ ಪ್ರಶ್ನೆಯೆಂದು ವಾಚಕರು ಎಣಿಸಬಹುದು. ಆದರೆ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ವೈದ್ಯರೂ ವಿಜ್ಞಾನಿಗಳೂ ಇದರ ಬೆನ್ನುಹತ್ತಿದ್ದಾರೆ.

ಹಂಬಲವೆಂಬ ಕಾಯಿಲೆ

1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಯೊಹಾನ್ನೆಸ್ ಹೋಫರ್ ಎಂಬ ತರುಣ ವೈದ್ಯವಿದ್ಯಾರ್ಥಿ ಒಂದು ಪ್ರಬಂಧವನ್ನು ಬರೆದನು. ದೂರದೇಶಗಳಲ್ಲಿದ್ದ ಸ್ವಿಸ್ ಜನರು ಊರಿನ ಚಿಂತೆಯಿಂದ ಊಟ ನಿದ್ರೆಗಳನ್ನು ಬಿಟ್ಟು ಕೃಶರಾಗುತ್ತಿದ್ದುದನ್ನು ಅವನು ವರ್ಣಿಸಿದನು. 'ಮನೆಗೆ ಮರಳುವುದು' ಮತ್ತು 'ನೋವು' ಎಂಬ ಅರ್ಥಗಳ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಈ ಕಾಯಿಲೆಗೆ 'ನಾಸ್ಟಾಲ್ಜಿಯಾ' ಎಂದು ಹೆಸರಿಟ್ಟನು. ಮುಂದೆ ಷೂಕ್‌ಜರ್ ಎಂಬ ಸ್ವಿಸ್ ವಿದ್ವಾಂಸನು, ಬೆಟ್ಟದ ತೆಳುವಾದ ಗಾಳಿಯಲ್ಲಿ ಬೆಳೆದವರ ದೇಹವನ್ನು ಬಯಲುಸೀಮೆಯ ದಟ್ಟವಾದ ಗಾಳಿ ಅದುಮುವುದೇ ಇದಕ್ಕೆ ಕಾರಣವೆಂದು ವಾದಿಸಿದನು. ಇಂದು ಇದನ್ನು ಓದಿದರೆ ನಗು ಬರುತ್ತದೆ. ಆದರೆ ಕಾಯಿಲೆಯನ್ನು ಯಾರೂ ಹಗುರವಾಗಿ ಎಣಿಸಿರಲಿಲ್ಲ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರ ಪಕ್ಷದ ಸೇನಾವೈದ್ಯರು ಐದು ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರಿನ ಮುಂದೆ ಇದೇ ರೋಗವನ್ನು ಬರೆದಿಟ್ಟರು.

ಹೋಫರನು ಸೂಚಿಸಿದ ಮುಖ್ಯ ಚಿಕಿತ್ಸೆ ಸರಳವಾದುದು: ರೋಗಿಯನ್ನು ಮನೆಗೆ ಕಳುಹಿಸುವುದು. ಆದರೆ ಲಚ್ಯಾಣದ ನಮ್ಮ ಹಿರಿಯರು ಮನೆಗೆ ಬಂದೇ ಇದ್ದಾರೆ. ನೋವು ಹೋಗಿಲ್ಲ, ಬಂದ ಮೇಲೆ ಇನ್ನಷ್ಟು ಹೆಚ್ಚಿದೆ. ಇದೇಕೆ?

ಅಳತೆಗೋಲು ಬದಲಾಗಿದೆ

ಮೊದಲ ಕಾರಣ ನೋಡುವವನ ದೇಹದಲ್ಲಿದೆ. ಆರು ವರ್ಷದ ಬಾಲಕನ ಕಣ್ಣು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿರುತ್ತದೆ. ವಯಸ್ಕನದು ಒಂದೂವರೆ ಮೀಟರ್ ಎತ್ತರದಲ್ಲಿ. ನಾಲ್ಕು ಅಡಿಯ ಗೋಡೆಯು ಬಾಲಕನ ನೋಟವನ್ನು ತಡೆಯುವ ಕೋಟೆ. ವಯಸ್ಕನಿಗೆ ಅದು ಮೊಣಕೈ ಊರಿ ನಿಂತು ಮಾತನಾಡುವ ಕಟ್ಟೆ. ಬಾಲಕನ ಹೆಜ್ಜೆಯೂ ಗಿಡ್ಡ. ಅಗಸಿಯಿಂದ ಮನೆಗೆ ಅವನು ಎಣಿಸಿದ್ದ ಹೆಜ್ಜೆಗಳು ಈಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತವೆ. ನಾವು ಲೋಕವನ್ನು ಮೀಟರುಗಳಿಂದ ಅಳೆಯುವುದಿಲ್ಲ. ನಮ್ಮ ಕಾಲು, ಕೈ, ಕಣ್ಣುಗಳಿಂದ ಅಳೆಯುತ್ತೇವೆ. ಓಣಿ ಕಿರಿದಾಗಲಿಲ್ಲ; ಅಳತೆಗೋಲು ಬೆಳೆಯಿತು.

ನೆನಪು ಪೆಟ್ಟಿಗೆಯಲ್ಲ

ಎರಡನೆಯ ಕಾರಣ ಇನ್ನೂ ಆಳವಾದುದು. ನೆನಪೆಂದರೆ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಇಳಕಲ್ಲ ಸೀರೆಯಂತೆ, ತೆಗೆದಾಗ ಬಣ್ಣ ಸ್ವಲ್ಪ ಮಾಸಿದ್ದರೂ ನೇಯ್ಗೆ ಅದೇ ಎಂದು ನಾವು ನಂಬುತ್ತೇವೆ. ಕೇಂಬ್ರಿಜ್ಜಿನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ನಂಬಿಕೆಯನ್ನು ಅಲುಗಿಸಿದರು. ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಅವರು ಇಂಗ್ಲಿಷರಿಗೆ ಓದಲು ಕೊಟ್ಟು, ಕೆಲ ಕಾಲದ ಬಳಿಕ ನೆನಪಿನಿಂದ ಹೇಳಿಸಿದರು. ಹೇಳಿದಂತೆಲ್ಲ ಕಥೆ ಮೊಟಕಾಯಿತು; ಅಪರಿಚಿತ ಸಂಗತಿಗಳು ಬಿಟ್ಟುಹೋದುವು; ಆ ಜನರ ದೋಣಿ ಇಂಗ್ಲಿಷರ ದೋಣಿಯಾಯಿತು, ಕಡಲನಾಯಿಗಳ ಬೇಟೆ ಮೀನುಗಾರಿಕೆಯಾಯಿತು. ಓದಿದವರು ಯಾರೂ ಸುಳ್ಳು ಹೇಳಲಿಲ್ಲ. ಅವರ ಮನಸ್ಸು ಕಥೆಯನ್ನು ಎತ್ತಿಕೊಡದೆ, ಇದ್ದ ಸಾಮಗ್ರಿಯಿಂದ ಹೊಸದಾಗಿ ಕಟ್ಟುತ್ತಿತ್ತು.

2000ನೆಯ ಇಸವಿಯಲ್ಲಿ ನ್ಯೂಯಾರ್ಕಿನಲ್ಲಿ ಕರೀಮ್ ನಾದರ್, ಗ್ಲೆನ್ ಶೇಫ್, ಜೋಸೆಫ್ ಲೆಡೂ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ಒಂದು ಪ್ರಯೋಗವನ್ನು ನಡೆಸಿದರು. ಒಂದು ಸದ್ದು ಕೇಳಿದೊಡನೆ ವಿದ್ಯುತ್ತಿನ ಆಘಾತವಾಗುವುದೆಂದು ಇಲಿಗೆ ಕಲಿಸಿದರು. ಆ ನೆನಪು ಗಟ್ಟಿಯಾಯಿತು. ಅನಂತರ ಸದ್ದನ್ನು ಕೇಳಿಸಿ ಅದನ್ನು ನೆನಪಿಗೆ ತಂದು, ಒಡನೆಯೇ ಮಿದುಳಿನ ಭಯಕೇಂದ್ರದಲ್ಲಿ ಪ್ರೋಟೀನುಗಳ ತಯಾರಿಕೆಯನ್ನು ತಡೆಯುವ ಔಷಧಿಯನ್ನು ಸೇರಿಸಿದರು. ಮರುದಿನ ಇಲಿಯ ಭಯ ಬಹುಮಟ್ಟಿಗೆ ಮಾಯವಾಗಿತ್ತು! ನೆನಪಿಗೆ ತರದೆ ಔಷಧಿ ಕೊಟ್ಟ ಇಲಿಗಳಲ್ಲಿ ಭಯ ಹಾಗೆಯೇ ಉಳಿದಿತ್ತು. ಎಂದರೆ, ನೆನಪಿಗೆ ಬಂದ ಸಂಗತಿ ಸ್ವಲ್ಪ ಹೊತ್ತು ಮೆತ್ತಗಾಗಿ, ಮತ್ತೊಮ್ಮೆ ಗಟ್ಟಿಗೊಳ್ಳಬೇಕಾಗುತ್ತದೆ. ಇಲಿಯ ಭಯಕ್ಕೂ ಮನುಷ್ಯನ ಊರಿನ ನೆನಪಿಗೂ ಬಹಳ ಅಂತರವಿದೆ, ನಿಜ. ಆದರೂ ಇದರಿಂದ ಒಂದು ವಿಚಿತ್ರವಾದ ಊಹೆಗೆ ದಾರಿಯಾಗುತ್ತದೆ: ಅತಿ ಹೆಚ್ಚು ಬಾರಿ ನೆನೆದ ಊರೇ ಅತಿ ಹೆಚ್ಚು ಬಾರಿ ತಿದ್ದಲ್ಪಟ್ಟ ಊರಾಗಿರಬಹುದು. ಐವತ್ತು ವರ್ಷ ಮುಂಬಯಿಯ ಚಾಳಿನಲ್ಲಿ ಲಚ್ಯಾಣವನ್ನು ಪ್ರೀತಿಯಿಂದ ನೆನೆದವರು, ತಮಗೆ ಗೊತ್ತಿಲ್ಲದೆಯೇ ಅದನ್ನು ಐವತ್ತು ವರ್ಷ ಮರಳಿ ಮರಳಿ ಕಟ್ಟಿದ್ದಾರೆ.

ಮಿದುಳಿನೊಳಗಿನ ಭೂಪಟ

ಸ್ಥಳಕ್ಕೆಂದೇ ನಮ್ಮ ಮಿದುಳಿನಲ್ಲಿ ಪ್ರತ್ಯೇಕ ಏರ್ಪಾಟಿದೆ. ಹಿಪ್ಪೊಕ್ಯಾಂಪಸ್ ಎಂಬ, ಕಡಲಕುದುರೆಯ ಆಕಾರದ ಭಾಗದಲ್ಲಿ, ಇಲಿಯು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಚುರುಕಾಗುವ ಜೀವಕೋಶಗಳಿವೆಯೆಂದು ಜಾನ್ ಓಕೀಫ್ 1971ರಲ್ಲಿ ತೋರಿಸಿದರು. ಇದರ ಪಕ್ಕದ ಭಾಗದಲ್ಲಿ ಜಾಗವನ್ನು ಜಾಲರಿಯಂತೆ ಅಳೆಯುವ ಕೋಶಗಳನ್ನು ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ 2005ರಲ್ಲಿ ಕಂಡುಹಿಡಿದರು. ಮೂವರಿಗೂ 2014ರ ನೊಬೆಲ್ ಬಹುಮಾನ ಬಂದಿತು. ಇಲಿಯ ಪೆಟ್ಟಿಗೆಯ ಆಕಾರವನ್ನೋ ಬಣ್ಣವನ್ನೋ ಸಾಕಷ್ಟು ಬದಲಿಸಿದರೆ ಈ ಕೋಶಗಳು ಹಳೆಯ ಪಟವನ್ನು ಬಿಟ್ಟು ಹೊಸ ಪಟವನ್ನು ರಚಿಸುವುದೂ ಉಂಟು. ಇದೇ ಹಿಪ್ಪೊಕ್ಯಾಂಪಸ್ಸು ನಮ್ಮ ಬಾಳಿನ ಘಟನೆಗಳ ನೆನಪಿಗೂ ಬೇಕು. ಆದುದರಿಂದ ಸ್ಥಳವೂ ಕಾಲವೂ ನಮ್ಮಲ್ಲಿ ಒಟ್ಟಿಗೆ ಹೆಣೆದುಕೊಂಡಿರುತ್ತವೆ. ಹಿರಿಯರು ಹುಡುಕಿ ಬಂದುದು ಲಚ್ಯಾಣವನ್ನಷ್ಟೇ ಅಲ್ಲ, ಅವ್ವ ರೊಟ್ಟಿ ಬಡಿಯುತ್ತಿದ್ದ ಲಚ್ಯಾಣವನ್ನು. ಮೊದಲನೆಯದಕ್ಕೆ ರೈಲಿದೆ, ಎರಡನೆಯದಕ್ಕೆ ಇಲ್ಲ.

ಆದರೆ ಒಂದು ಕಿರುದಾರಿ ಉಂಟು: ವಾಸನೆ. ಕಾದ ನೆಲದ ಮೇಲೆ ಮೊದಲ ಮಳೆ ಬಿದ್ದಾಗ ಏಳುವ ಕಂಪನ್ನು ಆಸ್ಟ್ರೇಲಿಯದ ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ ವಿವರಿಸಿ ಹೆಸರಿಟ್ಟರು. ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತುವಿಗೂ ಈ ಕಂಪಿನಲ್ಲಿ ಪಾಲುಂಟು; ಲಕ್ಷ ಕೋಟಿ ಭಾಗದಲ್ಲಿ ಕೆಲವೇ ಭಾಗಗಳಿದ್ದರೂ ನಮ್ಮ ಮೂಗು ಅದನ್ನು ಗುರುತಿಸಬಲ್ಲುದು. ಕಣ್ಣು ಕಿವಿಗಳ ಸುದ್ದಿಯು ಮಿದುಳಿನ ನಡುವಣ ಠಾಣೆಯೊಂದನ್ನು ಹಾದು ಹೋಗುತ್ತದೆ. ವಾಸನೆಯ ಸುದ್ದಿ ಆ ಠಾಣೆಯಲ್ಲಿ ನಿಲ್ಲದೆ ಭಾವನೆ ಮತ್ತು ನೆನಪುಗಳ ನೆರೆಯನ್ನು ನೇರವಾಗಿ ತಲುಪುತ್ತದೆ. ವಾಸನೆ ಎಬ್ಬಿಸುವ ನೆನಪುಗಳಲ್ಲಿ ಬಹಳಷ್ಟು ಬಾಳಿನ ಮೊದಲ ಹತ್ತು ವರ್ಷಗಳವು. ಎರೆಹೊಲದ ಮೊದಲ ಮಳೆಯಾಗಲಿ, ಸುಗ್ಗಿಯ ಮುಂಚೆ ಎಳೆಯ ಜೋಳದ ತೆನೆಯನ್ನು ಸುಟ್ಟು ತಿಕ್ಕಿದ ಸೀತನಿಯಾಗಲಿ, ಯಾವ ಫೋಟೋ ಮಾಡದ ಕೆಲಸವನ್ನು ಗಳಿಗೆಯಲ್ಲಿ ಮಾಡಬಲ್ಲುದು.

ಊರೇ ಇಲ್ಲದವರು

ಲಚ್ಯಾಣದವರಿಗೆ ಮರಳಿ ಬರಲು ಒಂದು ಊರಾದರೂ ಇದೆ. ಅದೇ ರೈಲಿನಲ್ಲಿ ತೆಂಕಣಕ್ಕೆ ಸಾಗಿ, ವಿಜಯಪುರವನ್ನೂ ಬಸವನ ಬಾಗೇವಾಡಿ ರೋಡ್ ನಿಲ್ದಾಣವನ್ನೂ ದಾಟಿದರೆ ಆಲಮಟ್ಟಿಯ ಬಳಿ ಕೃಷ್ಣೆ ಎದುರಾಗುತ್ತಾಳೆ. ಅಲ್ಲಿಯ ಅಣೆಕಟ್ಟಿಗೆ 1964ರ ಮೇ ತಿಂಗಳಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. 519.6 ಮೀಟರ್ ಮಟ್ಟದವರೆಗೆ ನಿಲ್ಲುವ ನೀರಿನ ಪ್ರಮಾಣ ಸುಮಾರು 123 ಟಿ.ಎಂ.ಸಿ. ಇದರ ಕೆಳಗೆ ನಾರಾಯಣಪುರದಲ್ಲಿ 1982ರಲ್ಲಿ ಮುಗಿದ ಬಸವಸಾಗರವಿದೆ. ಒಣಗಿದ ಹೊಲಗಳಿಗೆ ಇವು ನೀರುಣಿಸಿದುವು. ಬಸವನ ಬಾಗೇವಾಡಿ, ಮುದ್ದೇಬಿಹಾಳ, ಬಾಗಲಕೋಟೆಗಳ ಸೀಮೆಯಲ್ಲಿ ನದಿದಂಡೆಯ ಅನೇಕ ಊರುಗಳನ್ನು ನುಂಗಿದುವು. ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳೂ ಮುಳುಗಿ, ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಯೋಜನೆಯ ನವನಗರಕ್ಕೆ ಜನ ಹೋಗಬೇಕಾಯಿತು.

ಕೂಡಲ ಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ನೀರಿನಿಂದ ಕಾಪಾಡಲು ಸುತ್ತಲೂ ಬಾವಿಯಂತೆ ಗೋಡೆಯನ್ನೆಬ್ಬಿಸಿದ್ದಾರೆ. ಯಾತ್ರಿಕರು ಮೆಟ್ಟಿಲಿಳಿದು ದರ್ಶನ ಪಡೆಯುತ್ತಾರೆ. ಕಲ್ಲು ಅದೇ, ಜಾಗ ಅದೇ. ಆದರೆ ನದಿಯ ದಂಡೆಯಲ್ಲಿ ನಿಂತಿದ್ದುದು ಈಗ ನೀರಿನ ನಡುವೆ, ನೀರಿನ ಮಟ್ಟಕ್ಕಿಂತ ಕೆಳಗೆ ಇದೆ. ಸ್ಥಳವನ್ನು ಉಳಿಸಿಕೊಳ್ಳುವುದು ಎಷ್ಟು ಸಾಧ್ಯ, ಎಷ್ಟು ಅಸಾಧ್ಯ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಕಟ್ಟಡ ವಿರಳ. ಎಲ್ಲ ಊರುಗಳಿಗೂ ಇಂಥ ಗೋಡೆ ಕಟ್ಟಲಾಗುವುದಿಲ್ಲ.

ಮುಳುಗಿದ ಮನೆಗೆ ಬೆಲೆ ಕಟ್ಟುವಾಗ ಗೋಡೆ, ತೊಲೆ, ಬಾವಿ, ಮರಗಳನ್ನು ಎಣಿಸುತ್ತಾರೆ. ಎಣಿಕೆಗೆ ಸಿಕ್ಕದ ನಷ್ಟವೊಂದಿದೆಯೆಂದು ಮನಶ್ಶಾಸ್ತ್ರಜ್ಞ ಮಾರ್ಕ್ ಫ್ರೀಡ್ 1963ರಲ್ಲಿ ತೋರಿಸಿದರು. ಅಮೆರಿಕದ ಬಾಸ್ಟನ್ ನಗರದಲ್ಲಿ ಹಳೆಯ ಬಡಾವಣೆಯೊಂದನ್ನು ಕೆಡವಿ ಜನರನ್ನು ಬೇರೆಡೆಗೆ ಕಳುಹಿಸಿದಾಗ, ಅವರು ಮಾತನಾಡಿಸಿದ ಮಹಿಳೆಯರಲ್ಲಿ ಅರ್ಧಕ್ಕೆ ಸಮೀಪದವರು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ, ಆಪ್ತರು ಸತ್ತಾಗ ಆಗುವಂಥ ಶೋಕವನ್ನು ಅನುಭವಿಸಿದ್ದರು. ಮನೆಯೊಂದನ್ನೇ ಅಲ್ಲದೆ ಸುತ್ತಲ ಬೀದಿಗಳನ್ನೆಲ್ಲ ತಮ್ಮದೆಂದು ಬಲ್ಲವರಲ್ಲಿ ಶೋಕ ಹೆಚ್ಚಾಗಿತ್ತು. ಊರು ಬಿಡದೆಯೇ ಈ ನೋವು ಬರಬಹುದು: ಆಸ್ಟ್ರೇಲಿಯದಲ್ಲಿ ತೆರೆದ ಕಲ್ಲಿದ್ದಲ ಗಣಿಗಳು ಕಣ್ಣೆದುರಿನ ನೆಲವನ್ನು ತಿಂದುಹಾಕಿದಾಗ ಅಲ್ಲಿಯ ನಿವಾಸಿಗಳ ಸಂಕಟಕ್ಕೆ ಗ್ಲೆನ್ ಆಲ್ಬ್ರೆಕ್ಟ್ ಎಂಬ ತತ್ತ್ವಜ್ಞಾನಿ 2003ರಲ್ಲಿ 'ಸೊಲಾಸ್ಟಾಲ್ಜಿಯಾ' ಎಂಬ ಹೊಸ ಹೆಸರನ್ನು ಹೊಸೆದರು.

ಇದು ಮುಗಿದುಹೋದ ಮಾತಲ್ಲ. ಆಲಮಟ್ಟಿಯಲ್ಲಿ 524.256 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು 2010ರಲ್ಲಿ ಒಪ್ಪಿಗೆ ನೀಡಿತು. ಆ ಮಟ್ಟಕ್ಕೆ ನೀರು ಏರುವ ದಿನ ಇನ್ನೂ ಹಲವು ಊರುಗಳು ಎದ್ದು ಹೊರಡಬೇಕಾಗುತ್ತದೆ.

ಹಂಬಲದ ಉಪಯೋಗ

ಹಾಗಾದರೆ ಹಂಬಲವನ್ನು ಬಿಟ್ಟುಬಿಡುವುದೇ ಲೇಸೇ? ಇಂದಿನ ವಿಜ್ಞಾನ ಹಾಗೆ ಹೇಳುವುದಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದ ವೈಲ್ಡ್‌ಶುಟ್, ಸೆಡಿಕಿಡೀಸ್ ಮತ್ತು ಅವರ ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಹಳೆಯದನ್ನು ನೆನೆದವರಲ್ಲಿ ತಮ್ಮವರೊಡನೆ ನಂಟಿದೆಯೆಂಬ ಭಾವನೆ ಬಲಗೊಳ್ಳುತ್ತದೆ. ಹೋಫರನು ಯಾವುದನ್ನು ರೋಗವೆಂದು ಕರೆದನೋ ಅದು ಬಹುಮಟ್ಟಿಗೆ ಮನಸ್ಸು ತನಗೆ ತಾನೇ ಮಾಡಿಕೊಳ್ಳುವ ಶುಶ್ರೂಷೆ. ಅಂಥ ನೆನಪುಗಳ ನಡುವೆ ಇರುವುದು ಬಹುತೇಕ ಮನುಷ್ಯರೇ.

ಇದರಿಂದ ಎರಡು ವ್ಯಾವಹಾರಿಕ ಪಾಠಗಳನ್ನು ಕಲಿಯಬಹುದು. ಊರೊಂದನ್ನು ಸ್ಥಳಾಂತರಿಸುವಾಗ ನೆರೆಮನೆಯವರನ್ನು ನೆರೆಯಲ್ಲೇ ಇರಿಸುವುದು ಸಿಮೆಂಟು ಕಬ್ಬಿಣಗಳಷ್ಟೇ ಅಗತ್ಯ. ಮತ್ತು ನೀರು ಬರುವ ಮೊದಲು, ಹಿರಿಯರು ಇರುವಾಗಲೇ, ಹೊಲಗಳ ಹೆಸರು, ಬಾವಿಗಳ ಹೆಸರು, ಓಣಿಗಳ ಹಾದಿಗಳನ್ನು ಬರೆದಿಡಬೇಕು. ನೆನಪು ತಿದ್ದಿಕೊಳ್ಳುತ್ತಲೇ ಇರುತ್ತದೆ; ಬರೆದ ನಕ್ಷೆ ತಿದ್ದಿಕೊಳ್ಳುವುದಿಲ್ಲ.

ಲಚ್ಯಾಣದ ಓಣಿಯಲ್ಲಿ ನಿಂತ ಕಾಕಾ ಮತ್ತು ಅವರ ಅಣ್ಣನ ಮಗ, ಇಬ್ಬರೂ ಸರಿಯೇ. ಊರು ಇದ್ದಲ್ಲೇ ಇದೆ. ಕಾಕಾ ಅರಸಿ ಬಂದ ಊರು ಅಲ್ಲಿಲ್ಲ. ಅದು ಅವರ ಜೊತೆಯಲ್ಲೇ ರೈಲು ಹತ್ತಿ ಬಂದಿತ್ತು. ಸಂಜೆಯ ರೈಲಿಗೆ ಇನ್ನೂ ಸಮಯವಿದೆ. ಓಣಿಯ ಆ ಮೂಲೆಯಲ್ಲಿ ಯಾರ ಮನೆ ಇತ್ತು, ಸೇದುವ ಬಾವಿ ಎಲ್ಲಿತ್ತು ಎಂದು ಹುಡುಗನು ಕೇಳಿ ಬರೆದುಕೊಂಡರೆ, ಕಾಕಾ ಬಂದದ್ದು ವ್ಯರ್ಥವಾಗಲಿಲ್ಲ.