ಕಾರಿನ ಹಾಡಿನೊಳಗೆ 'ಗುಂಯ್' ಸದ್ದೇಕೆ?

ಊಟಿ, ವಯನಾಡಿನ ರಸ್ತೆಗಳು ಕೂಡುವ ಗುಂಡ್ಲುಪೇಟೆಯಲ್ಲಿ ಟ್ಯಾಕ್ಸಿಗಳಿಗೆ ಬರವಿಲ್ಲ. ಅಲ್ಲಿಂದ ತೆರಕಣಾಂಬಿ ದಾಟಿ ಚಾಮರಾಜನಗರ ಸೇರುವವರೆಗೂ ಹಾಡು ಇರಲೇಬೇಕು. ಆದರೆ ಹಾಡಿನ ಜೊತೆಗೆ ಜೀರುಂಡೆಯಂಥ 'ಗುಂಯ್' ಸದ್ದೂ ಸೇರಿಕೊಂಡರೆ? ಆಕ್ಸಿಲರೇಟರ್ ತುಳಿದಂತೆಲ್ಲ ಅದರ ಸ್ವರವೂ ಏರುತ್ತದೆ. ಸ್ಟೀರಿಯೋ ಕೆಟ್ಟಿದೆಯೆಂದು ಹೊಸದನ್ನು ತಂದು ಕೂರಿಸಿದರೂ ಸದ್ದು ಹೋಗುವುದಿಲ್ಲ. ಅನೇಕ ವೇಳೆ ದೋಷವಿರುವುದು ಸ್ಟೀರಿಯೋದಲ್ಲಲ್ಲ, ತಂತಿಗಳ ಜೋಡಣೆಯಲ್ಲಿ.

ಕಾರಿನ ಬ್ಯಾಟರಿಯನ್ನು ಚಾರ್ಜ್ ಮಾಡುವುದು ಎಂಜಿನ್ ತಿರುಗಿಸುವ ಆಲ್ಟರ್ನೇಟರ್. ಅದರಲ್ಲಿ ಹುಟ್ಟುವ ಪರ್ಯಾಯ ವಿದ್ಯುತ್ತನ್ನು ಡಯೋಡ್‌ಗಳು ನೇರ ವಿದ್ಯುತ್ತಾಗಿಸುತ್ತವೆ. ಆದರೂ ಸಣ್ಣ ಅಲೆಗಳು ಉಳಿಯುತ್ತವೆ. ಎಂಜಿನ್ ವೇಗ ಹೆಚ್ಚಿದಂತೆ ಅವುಗಳ ಆವರ್ತನವೂ ಹೆಚ್ಚುತ್ತದೆ.

ಇವು ಹಾಡಿನೊಳಗೆ ನುಸುಳುವ ಮುಖ್ಯ ದಾರಿ 'ಅರ್ಥ್' ಸಂಪರ್ಕ. ವಿದ್ಯುತ್ತು ಬ್ಯಾಟರಿಗೆ ಮರಳುವುದು ಕಾರಿನ ಲೋಹದ ಬಾಡಿಯ ಮೂಲಕ. ಬಣ್ಣ ಅಥವಾ ತುಕ್ಕಿನ ಮೇಲೆ ಅರ್ಥ್ ತಂತಿ ಬಿಗಿದರೆ ರೋಧ ಹೆಚ್ಚುತ್ತದೆ. ಬರೀ 0.05 ಓಮ್ ರೋಧದಲ್ಲಿ 10 ಆಂಪೇರ್ ಹರಿದರೆ, ಓಮ್‌ನ ನಿಯಮದಂತೆ 0.5 ವೋಲ್ಟ್ ವ್ಯತ್ಯಾಸವಾಯಿತು. ಸ್ಟೀರಿಯೋದಿಂದ ಡಿಕ್ಕಿಯಲ್ಲಿರುವ ಆಂಪ್ಲಿಫೈಯರ್‌ಗೆ ಹೋಗುವ ಹಾಡಿನ ಸಂಕೇತವೇ ಒಂದೆರಡು ವೋಲ್ಟ್! ಎರಡರ ಅರ್ಥ್ ನಡುವಿನ ಏರಿಳಿತವನ್ನೂ ಆಂಪ್ಲಿಫೈಯರ್ ಹಾಡೆಂದೇ ತಿಳಿದು ದೊಡ್ಡದು ಮಾಡುತ್ತದೆ.

ಪತ್ತೆ ಹಚ್ಚುವುದು ಕಷ್ಟವಲ್ಲ. ಮೊದಲು ಎಂಜಿನ್ ನಿಲ್ಲಿಸಿ, ಕೀ ಮಾತ್ರ ತಿರುಗಿಸಿ ಕೇಳಿ. ಎಂಜಿನ್ ಚಾಲೂ ಆದಾಗ ಸದ್ದು ಬಂದು ವೇಗದೊಡನೆ ಏರಿದರೆ ಅದು ಆಲ್ಟರ್ನೇಟರ್‌ನದು. ಪೆಟ್ರೋಲ್ ಕಾರಿನಲ್ಲಿ 'ಟಿಕ್ ಟಿಕ್' ಎಂದರೆ ಸ್ಪಾರ್ಕ್ ಪ್ಲಗ್ಗಿನ ಕಿಡಿಯ ಮೇಲೆ ಅನುಮಾನಪಡಿ. ಡೀಸೆಲ್ ಎಂಜಿನ್ನಿನಲ್ಲಿ ಆ ಪ್ಲಗ್ ಇರುವುದಿಲ್ಲ. ಮೈಸೂರು ಆಕಾಶವಾಣಿ ಕೇಳುವಾಗ ಮಾತ್ರ ಸದ್ದಿದ್ದರೆ ಏರಿಯಲ್ಲಿನ ಸಂಪರ್ಕ ನೋಡಿ. ಮೊಬೈಲಿನಿಂದ ತಂತಿಯ ಮೂಲಕ ಹಾಡು ಕೇಳುತ್ತಿದ್ದರೆ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಕಳ್ಳ ಸಿಕ್ಕಿದಂತೆಯೇ!

ಪರಿಹಾರವೂ ಸರಳ. ಅರ್ಥ್ ಬಿಗಿಯುವ ಜಾಗದ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ, ಹೊಳೆಯುವ ಲೋಹಕ್ಕೆ ದಪ್ಪನೆಯ ಗಿಡ್ಡ ತಂತಿಯನ್ನು ಬಿಗಿಯಿರಿ. ಹಾಡಿನ ತಂತಿ ಒಂದು ಬದಿಯಲ್ಲಿ, ಬ್ಯಾಟರಿಯ ತಂತಿ ಇನ್ನೊಂದು ಬದಿಯಲ್ಲಿ ಸಾಗಲಿ.

ಒಂದು ಎಚ್ಚರಿಕೆ ಮರೆಯಬಾರದು. ಬ್ಯಾಟರಿಯಿಂದ ನೇರ ಎಳೆದ ತಂತಿಗೆ ಬ್ಯಾಟರಿಯ ಹತ್ತಿರದಲ್ಲೇ ಫ್ಯೂಸ್ ಬೇಕು. ತಗಡಿನ ಅಂಚಿಗೆ ಉಜ್ಜಿ ತಂತಿಯ ಹೊದಿಕೆ ಹರಿದರೆ ಶಾರ್ಟ್ ಆಗಿ ಕಾರಿಗೇ ಬೆಂಕಿ ಬೀಳಬಹುದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಕಳಚುವುದೂ ಸಲ್ಲದು. ಸದ್ದಿನಿಂದ ಹಾಡು ಕೆಡುತ್ತದೆ ಅಷ್ಟೆ. ಅವಸರದ ವೈರಿಂಗ್ ಜೀವಕ್ಕೇ ಎರವಾದೀತು.